ನಾನು ಬಿಡಿಸದೆ ಬಿಟ್ಟ ಬಾವಿ

ಮೈಮೇಲೆ ಬಂತು, ಗಾಳಿ ಸೋಕಿತು, ಸತ್ತವರು ಬಂದು ಮಾತಾಡಿದರು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವಳು. ನಗುವುದಷ್ಟೇ ಅಲ್ಲ, ಅದೆಲ್ಲ ಸುಳ್ಳೆಂದು ತಿಳಿಹೇಳುವುದು ನನ್ನ ಕೆಲಸದ ಒಂದು ಭಾಗವೇ ಆಗಿತ್ತು. ಬೈಲಹೊಂಗಲದ ನಮ್ಮ ಮನೆತನ ಅಜ್ಜನ ಕಾಲದಿಂದ ಕ್ರೈಸ್ತರದು. ಕಿತ್ತೂರಿನಲ್ಲಿ ನಾಲ್ಕು ವರ್ಷ ಶಿಕ್ಷಕಿಯಾಗಿದ್ದು, ಆಮೇಲೆ ಮಿಷನರಿಯಾಗಿ ಆಫ್ರಿಕಾದ ಮಲಾವಿ ದೇಶಕ್ಕೆ ಹೋದೆ. ವಾರವಿಡೀ ಲೆಕ್ಕ ಮತ್ತು ಇಂಗ್ಲಿಷ್ ಕಲಿಸುವುದು, ಭಾನುವಾರ ಮಕ್ಕಳಿಗೆ ಬೈಬಲ್ ಪಾಠ. ಅಲ್ಲಿಯ ಜನರಿಗೂ ಮಾಟಗಾರರ ಭಯ ಬಹಳ. ‘ಹೆದರಬೇಡಿ, ಸತ್ತವರು ದೇವರ ಕೈಯಲ್ಲಿದ್ದಾರೆ’ ಎಂದು ನಾನು ಧೈರ್ಯ ಹೇಳುತ್ತಿದ್ದೆ. ಈಗ ಬರೆಯಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಮೊದಲು ನನ್ನ ತಪ್ಪನ್ನು ಹೇಳಬೇಕು. ಅದಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ.

ಮಲಾವಿಯ ನಮ್ಮ ಶಾಲೆಗೆ ಎರಡೇ ಕೋಣೆ, ತಗಡಿನ ಮಾಡು. ಬಲಗಡೆಗೆ ತೆರೆದ ಬಾವಿ. ಅದರ ಕಟ್ಟೆ ಮೊಣಕಾಲಿನಷ್ಟೂ ಎತ್ತರವಿರಲಿಲ್ಲ. ಮಕ್ಕಳನ್ನು ಒಬ್ಬೊಬ್ಬರನ್ನೇ ಅತ್ತ ಕಳಿಸಬಾರದು ಎಂಬ ನಿಯಮವಿತ್ತು. ಒಂದು ಬೆಳಿಗ್ಗೆ ಹಲಗೆ ಒರೆಸುವ ಬಟ್ಟೆ ಒಣಗಿ, ಸೀಮೆಸುಣ್ಣದ ಪುಡಿಯೆಲ್ಲ ನನ್ನ ಮುಖಕ್ಕೇ ಹಾರುತ್ತಿತ್ತು. ಉಳಿದ ಮಕ್ಕಳು ತಲೆ ಬಗ್ಗಿಸಿ ಲೆಕ್ಕ ಬಿಡಿಸುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಚಿಸೊಮೊ ಎಂಬ ಒಂಬತ್ತು ವರ್ಷದ ಹುಡುಗಿಯನ್ನು ಮೆಲ್ಲಗೆ ಕರೆದು, ‘ಇದನ್ನು ಒದ್ದೆ ಮಾಡಿಕೊಂಡು ಬಾ’ ಎಂದು ಬಟ್ಟೆ ಕೊಟ್ಟು ಕಳಿಸಿದೆ. ಅವಳು ಬರಲಿಲ್ಲ. ನಾನು ಹಲಗೆಯ ಇನ್ನರ್ಧ ತುಂಬಿಸುವವರೆಗೂ ಅದು ನನ್ನ ಗಮನಕ್ಕೇ ಬರಲಿಲ್ಲ.

ಮಧ್ಯಾಹ್ನ ಅವಳನ್ನು ಬಾವಿಯಿಂದ ಮೇಲೆತ್ತಿದರು. ‘ಹೊರಗೆ ಹೋಗಿಬರುತ್ತೇನೆಂದು ಕೇಳಿದಳು, ಬಿಟ್ಟೆ’ ಎಂದು ನಾನು ಎಲ್ಲರ ಮುಂದೆ ಹೇಳಿದೆ. ಅವಳ ತಾಯಿಯ ಮುಂದೆಯೂ ಅದನ್ನೇ ಹೇಳಿದೆ. ಯಾರೂ ಅನುಮಾನಿಸಲಿಲ್ಲ. ಒಂದು ವಾರದ ಮೇಲೆ ಬಾವಿಗೆ ಮರದ ಹಲಗೆಗಳ ಮುಚ್ಚಳ ಹಾಕಿಸಿದರು. ಈ ವಿಷಯವನ್ನು ನಾನು ಊರಿಗೆ ಬರೆಯಲಿಲ್ಲ. ಪ್ರಾರ್ಥನೆಯಲ್ಲಿ ಕೂಡ ‘ನನ್ನ ತಪ್ಪುಗಳನ್ನು ಕ್ಷಮಿಸು’ ಎಂದು ಒಟ್ಟಾರೆಯಾಗಿ ಕೇಳುತ್ತಿದ್ದೆನೇ ಹೊರತು ಬಾವಿಯ ಹೆಸರೆತ್ತುತ್ತಿರಲಿಲ್ಲ.

ಹದಿನಾಲ್ಕು ತಿಂಗಳು ಕಳೆದ ಮೇಲೆ ರಜೆಯಲ್ಲಿ ಬೈಲಹೊಂಗಲಕ್ಕೆ ಬಂದೆ. ತೊಂಬತ್ತರ ದಶಕದ ಕೊನೆ. ನನ್ನ ಹಳೆಯ ಗೆಳತಿ ಶಾಂತಾ ಸಂಗೊಳ್ಳಿಯ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿದ್ದಳು. ‘ನಮ್ಮ ಹುಡುಗರು ನಕಾಶೆದಾಗಷ್ಟ ಆಫ್ರಿಕಾ ನೋಡ್ಯಾವ. ಒಂದ್ ತಾಸು ಬಂದು ಹೇಳ ಬಾ’ ಎಂದು ಕರೆದಳು. ಒಪ್ಪಿ ಹೋದೆ.

ಊಟದ ಬಿಡುವು ಮುಗಿದಿತ್ತು. ಹೊರಗೆ ಸುಡುಬಿಸಿಲು. ಎರಡನೆಯ, ಮೂರನೆಯ ಇಯತ್ತೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಮಲಾವಿಯ ಹಣ್ಣು, ಊಟ, ಆಟಗಳನ್ನೆಲ್ಲ ಹೇಳಿ, ನಮ್ಮ ಶಾಲೆ ಹೇಗಿದೆಯೆಂದು ತೋರಿಸಲು ಹಲಗೆಯ ಮೇಲೆ ಚಿತ್ರ ಬಿಡಿಸತೊಡಗಿದೆ. ತಗಡಿನ ಮಾಡು, ಎರಡು ಬಾಗಿಲು, ಧ್ವಜದ ಕಂಬ ಬಿಡಿಸಿ ಬಲಗಡೆಗೆ ಒಂದು ದೊಡ್ಡ ಮಾವಿನ ಮರ ಬಿಡಿಸಿದೆ. ಅಲ್ಲಿ ಮರವಿಲ್ಲ. ಬೇಕೆಂದು ಹಾಗೆ ಮಾಡಿದೆನೋ, ಕೈಯೇ ಮಾಡಿತೋ ಹೇಳಲಾರೆ.

‘ಅಕ್ಕೋರ, ಅಲ್ಲಿ ಗಿಡ ಇಲ್ರಿ. ಬಾವಿ ಐತಿ.’

ಹಿಂದಿರುಗಿ ನೋಡಿದೆ. ಎರಡನೆಯ ಸಾಲಿನಲ್ಲಿ ಒಬ್ಬ ಸಣ್ಣ ಹುಡುಗಿ ಎದ್ದು ನಿಂತಿದ್ದಳು. ಮಕ್ಕಳೆಲ್ಲ ನಕ್ಕರು. ‘ಏ ನೀಲವ್ವಾ, ನೀ ಯಾವಾಗ ಹೋಗಿದ್ದೆವಾ ಆಫ್ರಿಕಾಕ್ಕ? ಕುಂದ್ರು’ ಎಂದು ಶಾಂತಾ ಗದರಿದಳು. ಹುಡುಗಿ ಕೂರಲಿಲ್ಲ. ನೆಟ್ಟಗೆ ಮುಂದೆ ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. ಕಾಲಬೆರಳ ಮೇಲೆ ನಿಂತು ಮರದ ಮೇಲೆಯೇ ಒಂದು ವೃತ್ತ ಎಳೆದಳು. ಅದರ ಮೇಲೆ ಅಡ್ಡಡ್ಡ ಗೆರೆಗಳನ್ನು ಎಳೆಯುತ್ತಾ, ‘ಈ ಹಲಗಿ ಆಮ್ಯಾಲ ಹಾಕ್ಯಾರ್ರಿ. ಆವಾಗ ಇದ್ದಿಲ್ಲ’ ಎಂದಳು.

ಆಮೇಲೆ ನನ್ನ ಮುಖ ನೋಡಿ, ನನಗಷ್ಟೇ ಕೇಳುವ ಹಾಗೆ ಹೇಳಿದಳು:

‘ಅರಿವಿ ತೊಯ್ಸಿಕೊಂಡು ಬಾ ಅಂತ ನೀವ ಕಳಿಸಿದ್ರಲ್ರೀ.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮರೆತುಹೋದ ಶಿಕ್ಷಕಿಗೆ ಮಗು ನೆನಪು ಮಾಡಿಕೊಡುವ ಹಾಗೆ ಹೇಳಿದಳು. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಹಾಡುಹಗಲು, ನಲವತ್ತು ಮಕ್ಕಳನ್ನು ಬಿಟ್ಟು ಕೋಣೆಯಿಂದ ಹೊರಗೆ ಓಡಿದೆ. ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಶಾಂತಾ ಅವಳನ್ನು ನನ್ನ ಬಳಿಗೆ ಕರೆತಂದಳು. ‘ನನಗೇನ್ ಹೇಳಿದಿವಾ?’ ಎಂದೆ. ‘ಏನೂ ಹೇಳಿಲ್ರಿ. ಬಾವಿ ಚಿತ್ರ ತಗದೇನಿ ಅಷ್ಟ.’ ‘ಯಾಕ ತಗದಿ?’ ‘ಗೊತ್ತಿಲ್ರಿ’ ಎಂದು ಅಳತೊಡಗಿದಳು. ಅದು ನಿಜವಾದ ಅಳು. ಆ ಮಗು ನಾಟಕ ಮಾಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನೀಲವ್ವನ ತಾಯಿ ಮಗಳನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದಳು. ಒಕ್ಕಲುತನದ ಗಟ್ಟಿ ಹೆಂಗಸು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತಳು.

‘ನಿನ್ನಿ ಸಂಜಿಯಿಂದ ನೀರು ಮುಟ್ಟವಲ್ಲಳ್ರಿ. ಕೊಡ ಕಂಡ್ರ ಚೀರತಾಳ. ನನ್ನ ಮಗಳಿಗೆ ಏನ್ ಮಾಡೀರಿ ಅಕ್ಕೋರ? ಸವದತ್ತಿ ಗುಡ್ಡ ಬಿಟ್ರ ಆಕಿ ಎಲ್ಲೂ ಹೋಗಿಲ್ಲ.’

ಹುಡುಗಿಯ ತುಟಿಗಳು ಒಣಗಿ ಬಿರಿದಿದ್ದವು. ಅದನ್ನು ನೋಡಿದಾಗ ನನಗೆ ಸುಳ್ಳು ಹೇಳಲಾಗಲಿಲ್ಲ. ಚಿಸೊಮೊಳನ್ನು ನಾನೇ ಕಳಿಸಿದ್ದು, ಆಮೇಲೆ ಮುಚ್ಚಿಟ್ಟದ್ದು, ಎಲ್ಲವನ್ನೂ ಹೇಳಿಬಿಟ್ಟೆ. ಜಗತ್ತಿನಲ್ಲಿ ಅದನ್ನು ಮೊದಲು ಕೇಳಿದವಳು ಗುರುತು ಪರಿಚಯವಿಲ್ಲದ ಆ ಹೆಂಗಸು. ಕೇಳುತ್ತ ಕೇಳುತ್ತ ಅವಳು ಮಗಳ ಕಿವಿಗೆ ಸೆರಗು ಮುಚ್ಚಿದಳು.

‘ಹಂಗಾದ್ರ ಹೇಳಬೇಕಾದವ್ರಿಗೆ ಹೋಗಿ ಹೇಳ್ರಿ. ನನ್ನ ಮಗಳ ಬಾಯಿಲೆ ಯಾಕ ಹೇಳಸ್ತೀರಿ?’ ಎಂದು ತಿರುಗಿ ನಡೆದಳು.

ಅಲ್ಲಿಂದ ಅವಳು ಉಗರಗೋಳದ ಬಸ್ಸು ಹತ್ತಿ, ಮಗಳನ್ನು ಸವದತ್ತಿ ಗುಡ್ಡದ ದೇವಿಯ ಬಳಿಗೆ ಕರೆದೊಯ್ದು ಹರಕೆ ಹೊತ್ತಳಂತೆ. ಎರಡು ದಿನದ ಮೇಲೆ ಹುಡುಗಿ ನೀರು ಕುಡಿದಳೆಂದು ಶಾಂತಾ ಹೇಳಿಕಳಿಸಿದಳು. ಹರಕೆಯಿಂದಲೋ, ನಾನು ಬಾಯಿಬಿಟ್ಟದ್ದರಿಂದಲೋ, ಬಾಯಾರಿಕೆ ತಡೆಯಲಾರದೆಯೋ, ನನಗೆ ತಿಳಿಯದು.

ರಾಮದುರ್ಗದಲ್ಲಿ ನಮ್ಮ ಬಂಧುಗಳಾದ ಕ್ರೈಸ್ತ ಸಭೆಯ ಹಿರಿಯರೊಬ್ಬರಿದ್ದರು. ಅವರಲ್ಲಿಗೆ ಹೋಗಿ ಎಲ್ಲ ಹೇಳಿಕೊಂಡೆ. ‘ಇದು ಸೈತಾನನ ಆಟವಮ್ಮಾ’ ಎಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆದರೆ ಸೈತಾನನು ಸುಳ್ಳುಗಾರನೆಂದು ಮಕ್ಕಳಿಗೆ ಕಲಿಸಿದವಳು ನಾನೇ. ಆ ಹುಡುಗಿ ಹೇಳಿದ್ದು ನಿಜ. ಸುಳ್ಳು ಹೇಳಿದ್ದವಳು ನಾನು. ಪುನರ್ಜನ್ಮವೆನ್ನೋಣವೆಂದರೆ, ನನ್ನ ನಂಬಿಕೆ ಅದನ್ನು ಒಪ್ಪದಿರುವುದು ಒಂದು ಕಡೆಗಿರಲಿ, ಚಿಸೊಮೊ ಸಾಯುವಾಗ ನೀಲವ್ವನಿಗೆ ಆಗಲೇ ಆರು ವರ್ಷ.

ರಜೆ ಮುಗಿಯುವ ಮೊದಲೇ ಮಲಾವಿಗೆ ಮರಳಿದೆ. ಚಿಸೊಮೊಳ ತಾಯಿ ಮನೆಯ ಮುಂದೆ ಕುಳಿತು ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಳು. ಅವಳ ಮುಂದೆ ನೆಲದ ಮೇಲೆ ಕುಳಿತು ಹೇಳಿದೆ. ಬೈಯುತ್ತಾಳೆ, ಹೊಡೆಯುತ್ತಾಳೆ, ಜನ ಕೂಡಿಸುತ್ತಾಳೆ ಎಂದುಕೊಂಡಿದ್ದೆ. ಅವಳ ಕೈ ಮಾತ್ರ ನಿಂತಿತು. ನಮ್ಮ ಕಡೆಯ ಆ ಹುಡುಗಿಯ ವಿಷಯವನ್ನೂ ಹೇಳಿದೆ. ಹುಚ್ಚಿ ಎನ್ನಲಿಲ್ಲ, ಬೆರಗಾಗಲೂ ಇಲ್ಲ. ಒಂದೇ ಒಂದು ಮಾತು ಕೇಳಿದಳು.

‘ನಿನ್ನ ಮುಂದೆ ಬಂದು ನಿಂತಾಗ ಅವಳ ಮೈಮೇಲಿನ ಬಟ್ಟೆ ಒಣಗಿತ್ತೇ?’

‘ಒಣಗಿತ್ತು’ ಎಂದೆ. ಅವಳು ತಲೆಯಾಡಿಸಿ ಮತ್ತೆ ತೆನೆ ಕೈಗೆತ್ತಿಕೊಂಡಳು.

ಆ ವರ್ಷವೇ ನನ್ನನ್ನು ಶಾಲೆಯಿಂದ ಬಿಡಿಸಿ ಊರಿಗೆ ಕಳಿಸಿದರು. ಅದು ನ್ಯಾಯವೇ ಆಗಿತ್ತು. ಆಮೇಲೆ ನಾನು ಪಾಠ ಹೇಳಲಿಲ್ಲ. ಕೆಲವು ವರ್ಷಗಳ ಹಿಂದೆ ಸವದತ್ತಿ ಬಸ್ ನಿಲ್ದಾಣದಲ್ಲಿ ನೀಲವ್ವ ಸಿಕ್ಕಿದ್ದಳು. ಕಾಲೇಜಿಗೆ ಹೋಗುವ ಹುಡುಗಿಯಾಗಿದ್ದಳು. ನಾನೇ ಮಾತಾಡಿಸಿ ಯಾರೆಂದು ಹೇಳಿದೆ. ಅವಳಿಗೆ ಏನೂ ನೆನಪಿರಲಿಲ್ಲ. ‘ಹೌದ್ರೀ? ನಾನ?’ ಎಂದು ನಕ್ಕು ಬಸ್ಸು ಹತ್ತಿದಳು.

ಆ ಮಧ್ಯಾಹ್ನವನ್ನು ಎಷ್ಟೋ ಸಲ ಮನಸ್ಸಿನೊಳಗೆ ತಂದುಕೊಂಡಿದ್ದೇನೆ. ಹಲಗೆ ಕಾಣುತ್ತದೆ, ವೃತ್ತ ಕಾಣುತ್ತದೆ, ನನ್ನತ್ತ ಎತ್ತಿದ ಮುಖ ಕಾಣುತ್ತದೆ. ಕತ್ತಿನ ಕೆಳಗೆ ಏನೂ ಕಾಣುವುದಿಲ್ಲ. ಅವಳು ಆ ಮಾತು ಹೇಳಿದ ಮೇಲೆ ನಾನು ಕಣ್ಣು ಕೆಳಗಿಳಿಸಿ ನೋಡಲೇ ಇಲ್ಲ, ಮೆಟ್ಟಿಲ ಬಳಿಗೆ ಕರೆತಂದಾಗಲೂ ನೋಡಲಿಲ್ಲ, ಧೈರ್ಯವಾಗಲಿಲ್ಲ. ಒಣಗಿತ್ತೆಂದು ಆ ತಾಯಿಗೆ ಹೇಳಿದ್ದು ನಿಜವೋ ಸುಳ್ಳೋ, ಇವತ್ತಿಗೂ ನನಗೆ ಗೊತ್ತಿಲ್ಲ.