ಅರ್ಧ ಹಣೆಯ ವಿಭೂತಿ

ಹೆಂಡತಿಯ ಹಣೆಯಲ್ಲಿ ವಿಭೂತಿ ಬಲಗಡೆ ಅರ್ಧಕ್ಕೆ ಮಾತ್ರ ಇರುವುದು ಮೊದಲು ಕಣ್ಣಿಗೆ ಬಿದ್ದದ್ದು ಮಹದೇವಪ್ರಸಾದನಿಗೆ. ಅವನಿಗೆ ನೋಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುವೆಂಪುನಗರದ ಮನೆಯ ಹಜಾರದಲ್ಲಿ ಮಲಗಿದ್ದ.

ಅದು 1997. ಕಡಕೊಳದ ಫ್ಯಾಕ್ಟರಿಯ ಆಯುಧಪೂಜೆಗೆ ಪ್ರೇಮಲೀಲಾಳನ್ನೂ ಕರೆದುಕೊಂಡು ಹೋಗಿದ್ದ. ವಾಪಸು ಬರುವಾಗ ನಂಜನಗೂಡು ರಸ್ತೆಯಲ್ಲಿ ನಾಯಿ ಅಡ್ಡ ಬಂದು ಸ್ಕೂಟರ್ ಉರುಳಿತು. ಇದ್ದ ಒಂದೇ ಹೆಲ್ಮೆಟ್ ಅವನ ತಲೆಯ ಮೇಲಿತ್ತು. ಹಿಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತಿದ್ದ ಅವಳ ತಲೆ ಟಾರಿಗೆ ಬಡಿಯಿತು. ಆದರೆ ಕಿರುಚಿಕೊಂಡವನು ಅವನು. ಜನ ಅವನನ್ನು ಎತ್ತಿದರು, ನೀರು ಕುಡಿಸಿದರು, ಆಟೋ ಹತ್ತಿಸಿದರು. ಅವಳು ಸೀರೆ ಕೊಡವಿಕೊಂಡು ತಾನೇ ಎದ್ದು ಬಂದಳು. ಆಸ್ಪತ್ರೆಯಲ್ಲಿ ಹೆಲ್ಮೆಟ್ ಹಾಕಿದ್ದ ತಲೆಗೆ ಸ್ಕ್ಯಾನ್ ಮಾಡಿದರು, ಬರೀ ತಲೆಯವಳನ್ನು ಔಷಧಿ ತರಲು ಓಡಿಸಿದರು. ನೆನೆದರೆ ಅವನಿಗೆ ಈಗಲೂ ಮೈ ಉರಿಯುತ್ತದೆ.

"ನಿಂಗೇನೂ ಪೆಟ್ಟಾಗಿಲ್ವೇನಮ್ಮ?" ಎಂದು ಮನೆಯಲ್ಲಿ ಅತ್ತೆ ವಸಂತಮ್ಮ ಕೇಳಿದ್ದರು.

"ನನಗೇನೂ ಆಗಿಲ್ಲ ಅತ್ತೆ. ಅವರನ್ನ ನೋಡಿ."

ತಿಂಗಳು ಕಳೆದ ಮೇಲೆ ಈ ಅರ್ಧ ವಿಭೂತಿ. "ಕನ್ನಡಿ ನೋಡ್ಕೊಂಡ್ಯೇನೇ?" ಎಂದು ಅವನು ನಕ್ಕ. ಅವಳು ಇನ್ನೊಮ್ಮೆ ಕನ್ನಡಿ ನೋಡಿ ಬಂದಳು. "ಸರಿಯಾಗೇ ಇದೆಯಲ್ರೀ" ಎಂದಳು, ಬೋಳು ಎಡ ಹಣೆಯನ್ನು ಅವನ ಕಡೆ ತಿರುಗಿಸಿ.

ಮಾರನೇ ದಿನ ಬಾಗಿಲ ಮುಂದಿನ ರಂಗೋಲಿಯಲ್ಲೂ ಬಲಗಡೆಯ ಎಸಳುಗಳಷ್ಟೇ ಇದ್ದವು. ಎಡಗಡೆಯನ್ನು ಯಾರೋ ಗುಡಿಸಿಕೊಂಡು ಹೋದಂತಿತ್ತು. ತಟ್ಟೆಯ ಬಲಗಡೆ ಇದ್ದದ್ದನ್ನೆಲ್ಲ ತಿಂದು, ಎಡಗಡೆಯ ಮುದ್ದೆಯನ್ನು ಹಾಗೇ ಬಿಟ್ಟು, "ಮುದ್ದೆ ಇಕ್ಕಲೇ ಇಲ್ವಲ್ಲ ಅತ್ತೆ" ಎಂದು ಕೂತಳು.

"ಗಾಳಿ ಸೋಕಿದೆ ಕಣ್ರೀ ವಸಂತಮ್ಮ, ತಾಯತ ಕಟ್ಟಿಸ್ಬುಡಿ" ಎಂದರು ಪಕ್ಕದ ಮನೆ ಸಾಕಮ್ಮ. ತಾಯತವನ್ನು ಎಡತೋಳಿಗೆ ಕಟ್ಟಿದರು. ಅದು ಅಲ್ಲಿರುವುದು ಅವಳಿಗೆ ಗೊತ್ತಾಗಲೇ ಇಲ್ಲ. ಆ ನಂಬಿಕೆಯಲ್ಲಿ ಇನ್ನೊಂದಷ್ಟು ದಿನ ಹಾಳಾದವು.

ಒಂದು ಮಧ್ಯಾಹ್ನ ಅವಳು ಕಾಫಿ ಹಿಡಿದು ಬಂದು ಮಂಚದ ಪಕ್ಕ ನಿಂತಳು. ಮಂಚ ಅವಳ ಎಡಕ್ಕಿತ್ತು. ಅವಳು ಬಲಗಡೆಯ ಗೋಡೆಯನ್ನು ನೋಡುತ್ತಾ, "ಈ ಕಾಲಲ್ಲಿ ಎದ್ದು ಎಲ್ಲೋದ್ರಿ?" ಎಂದಳು.

"ಪ್ರೇಮಾ, ಇಲ್ಲೇ ಇದ್ದೀನಿ."

ಅವಳು ಇನ್ನಷ್ಟು ಬಲಕ್ಕೆ ತಿರುಗಿ, ಗೋಡೆಯ ಮೂಲೆಯಲ್ಲಿ ಅವನನ್ನು ಹುಡುಕಿದಳು. ಅವನು "ಅಮ್ಮಾ, ಆಟೋ ಕರಿ!" ಎಂದು ಕೂಗಿಕೊಂಡ.

ತಲೆಬುರುಡೆಯೊಳಗೆ ಬಲಗಡೆ ರಕ್ತ ತೊಟ್ಟುತೊಟ್ಟಾಗಿ ಸೋರಿ, ಎಡಗಡೆಯನ್ನು ಗಮನಿಸುವ ಮಿದುಳಿನ ಭಾಗವನ್ನು ಒತ್ತುತ್ತಿತ್ತಂತೆ. "ಅವತ್ತೇ ಇವರ ತಲೇನೂ ನೋಡಿದ್ದಿದ್ರೆ" ಎಂದು ಡಾಕ್ಟರು ಮಾತು ನಿಲ್ಲಿಸಿದರು. ಆಪರೇಷನ್ ಆಯಿತು, ಜೀವ ಉಳಿಯಿತು. ಎಡಗಡೆಯ ಲೋಕ ಮಾತ್ರ ಅವಳಿಗೆ ತಿರುಗಿ ಸಿಗಲಿಲ್ಲ, ಎಡಗೈಯೂ ಏಳಲಿಲ್ಲ.

ವರ್ಷಗಳು ಕಳೆದವು. ಅವನ ಕಾಲಿಗೆ ಈಗ ಕುಂಟು ಕೂಡ ಇಲ್ಲ. ದಿನಾ ಬೆಳಿಗ್ಗೆ ಅವಳ ಉಳಿದರ್ಧ ಹಣೆಗೆ ವಿಭೂತಿ ಎಳೆಯುತ್ತಾನೆ, ಊಟದ ನಡುವೆ ತಟ್ಟೆ ತಿರುಗಿಸುತ್ತಾನೆ, ಕೂತರೆ ಅವಳ ಬಲಕ್ಕೇ ಕೂರುತ್ತಾನೆ.

2004ರ ಒಂದು ಸಂಜೆ ಮರೆತು ಎಡಕ್ಕೆ ಕೂತ. ಪಕ್ಕದಲ್ಲಿದ್ದೂ ಇಲ್ಲದವನಾದ. ನಂಜನಗೂಡು ರಸ್ತೆಯಲ್ಲಿ ಅಷ್ಟು ಜನರ ನಡುವೆ ಅವಳೂ ಹೀಗೇ ಯಾರ ಕಣ್ಣಿಗೂ ಬೀಳದೆ ಇದ್ದಳಲ್ಲ ಅನ್ನಿಸಿತು. ಎದ್ದು ಬಲಕ್ಕೆ ಬಂದ.

ಅವಳ ಮುಖ ಅರಳಿತು. ಮಡಿಲಲ್ಲಿ ಬಿದ್ದಿದ್ದ ತನ್ನದೇ ಎಡಗೈಯನ್ನು ಬಲಗೈಯಿಂದ ಜೋಪಾನವಾಗಿ ಎತ್ತಿ ಅವನ ಕಡೆ ಚಾಚಿದಳು.

"ನಿಮ್ಮ ಕೈ ಇಲ್ಲೇ ಬಿಟ್ಟೋಗಿದ್ರಿ ಕಣ್ರೀ. ಎಷ್ಟು ತಣ್ಣಗಿದೆ ನೋಡಿ. ಡಾಕ್ಟರಿಗೆ ತೋರಿಸ್ಬುಡಿ."

"ನಿಂಗೆ?" ಎಂದ ಅವನು.

"ನನಗೇನೂ ಆಗಿಲ್ಲ."