ಅಪ್ಪ ಇಳಿಯದ ಊರು

ಮಕಾವ್ ಎಂಬ ಊರಿನ ಹೆಸರನ್ನು ನಾನು ಮೊದಲು ಕೇಳಿದ್ದು ಶಾಲೆಯಲ್ಲಲ್ಲ, ಬಂಗುಡೆ ಸಾರಿನ ಜೊತೆ. ಅಪ್ಪ ಸರಕಿನ ಹಡಗಿನಲ್ಲಿ ಅಡುಗೆಯವರಾಗಿದ್ದರು. ವರ್ಷಕ್ಕೊಮ್ಮೆ ಮಲ್ಪೆಯ ಮನೆಗೆ ಬಂದಾಗ ಅಮ್ಮನನ್ನು ಒಲೆಯ ಹತ್ತಿರ ಬಿಡದೆ ತಾವೇ ಮಸಾಲೆ ಅರೆಯುತ್ತ ಕಥೆ ಹೇಳುತ್ತಿದ್ದರು. ಅದರಲ್ಲಿ ಒಂದು ಕಥೆಗೆ ಮಾತ್ರ ಮನೆಯವರೆಲ್ಲ ನಗುತ್ತಿದ್ದೆವು.

ಹಡಗು ಚೀನಾ ದಡದ ಮಕಾವ್‌ನಿಂದ ದೂರದಲ್ಲಿ ಮೂರು ದಿನ ಲಂಗರು ಹಾಕಿತ್ತಂತೆ. ಅದಕ್ಕೂ ಹಿಂದಿನ ಬಂದರಿನಲ್ಲಿ ಇಬ್ಬರು ಕೆಲಸಗಾರರು ಇಳಿದವರು ವಾಪಸು ಬಂದಿರಲಿಲ್ಲ. ಆ ಸಿಟ್ಟಿಗೆ ಕ್ಯಾಪ್ಟನ್ ಕೆಲಸಗಾರರೆಲ್ಲರ ಪಾಸ್‌ಪೋರ್ಟ್ ಪುಸ್ತಕಗಳನ್ನೂ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಹಡಗಿನ ಅಧಿಕಾರಿಗಳು ಮಾತ್ರ ದೋಣಿಯಲ್ಲಿ ಹೋಗಿ ಜೂಜಾಡಿ, ಊರು ಸುತ್ತಿ ಬಂದರು. ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದರಂತೆ: ಅಲ್ಲೊಂದು ದೊಡ್ಡ ಇಗರ್ಜಿ, ಹಳೆಯ ಚರ್ಚು, ಮುಂದಿನ ಗೋಡೆ ಒಂದೇ ಇದೆ, ಮೆಟ್ಟಿಲು ಹತ್ತಿ ಬಾಗಿಲು ದಾಟಿದರೆ ಒಳಗೆ ಆಕಾಶ.

ಅಮ್ಮ ಪ್ರತಿ ಸಲವೂ ಕೇಳುತ್ತಿದ್ದಳು, "ಗೋಡೆ ಒಂದೇ ನಿಲ್ತದಾ? ಮಳೆಗೆ ಬೀಳುದಿಲ್ವಾ? ನಿಮ್ಮನ್ನು ಮಂಗ ಮಾಡಿದ್ದಾರೆ ಅವರು." ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅಪ್ಪ ಆಗ ಅರೆಯುವ ಕಲ್ಲನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದರು. ಅಡುಗೆಯವನಿಗೆ ಏನು ಹೇಳಿದರೂ ನಂಬುತ್ತಾನೆಂದು ಸುಳ್ಳು ಹೇಳಿರಬಹುದು ಎಂಬ ಸಂಶಯ ಅವರಿಗೇ ಇತ್ತೆಂದು ಕಾಣುತ್ತದೆ. ಆ ನಗುವನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನಾನು ಅಬುಧಾಬಿಗೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ, ಟೈಪಿಸ್ಟ್ ಕೆಲಸಕ್ಕೆ. ಅದೇ ಕಚೇರಿಯಲ್ಲಿದ್ದ ಮೈಸೂರಿನವರೊಬ್ಬರನ್ನು ಮೆಚ್ಚಿ ಮದುವೆಯಾದೆ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಗಂಡ ಖಾಲಿದಿಯಾ ಬಡಾವಣೆಯ ಇನ್ನೊಂದು ಕಂಪನಿ ಸೇರಿದರು. ಎಲೆಕ್ಟ್ರಾ ಸ್ಟ್ರೀಟ್‌ನ ಹಿಂದಿನ ಗಲ್ಲಿಯಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟು. ನನ್ನ ಪಾಸ್‌ಪೋರ್ಟಿನಲ್ಲಿ ಹೌಸ್‌ವೈಫ್, ಕೆಲಸ ಮಾಡುವಂತಿಲ್ಲ ಎಂಬ ಮುದ್ರೆ. ಮನೆಯಲ್ಲಿ ಆಗ ನಾನು ಮಾಡುತ್ತಿದ್ದ ಕೆಲಸಕ್ಕೆ ಆ ಮುದ್ರೆಯನ್ನು ಯಾರಾದರೂ ತೋರಿಸಿ ತಡೆಯಬಾರದೇ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ.

ಅಲ್ಲಿ ನಮ್ಮಂಥವರ ಪಾಸ್‌ಪೋರ್ಟು ನಮ್ಮ ಹತ್ತಿರ ಇರುತ್ತಿರಲಿಲ್ಲ. ಗಂಡನದು ಕಂಪನಿಯ ಕಪಾಟಿನಲ್ಲಿ. ರಜೆಗೆ ಹೋಗುವಾಗ ಅರ್ಜಿ ತುಂಬಿ ಬಿಡಿಸಿಕೊಳ್ಳುವುದು, ಬಂದ ವಾರದಲ್ಲಿ ವಾಪಸು ಕೊಡುವುದು. ನನ್ನದನ್ನೂ ಮಗಳದನ್ನೂ ಅಲ್ಲಿಡಬೇಕೆಂದು ಯಾರೂ ಕೇಳಿರಲಿಲ್ಲ. ಮೂರೂ ಒಟ್ಟಿಗಿದ್ದರೆ ಟೆನ್ಷನ್ ಇಲ್ಲ ಎಂದು ಇವರೇ ಒಂದು ಕವರಿನಲ್ಲಿ ಹಾಕಿ ಕೊಟ್ಟುಬಿಡುತ್ತಿದ್ದರು. ಊರೊಳಗೆ ಓಡಾಡಲು ಫೋಟೊಕಾಪಿ ಇದ್ದರೆ ಸಾಕಿತ್ತು. ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಪರ್ಸಿನಲ್ಲಿ ಇಟ್ಟುಕೊಳ್ಳುವುದು ಇವರ ಹೆಮ್ಮೆ. ಇದು ವಿಚಿತ್ರವೆಂದು ನನಗೂ ಅನ್ನಿಸಿರಲಿಲ್ಲ.

ಅಮ್ಮ ತೀರಿಕೊಂಡ ಎರಡು ವರ್ಷಕ್ಕೆ ಅಪ್ಪನನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡೆವು. ಒಂದು ಸಂಜೆ ಸಮುದ್ರದಂಡೆಯ ಕಾರ್ನಿಶ್ ರಸ್ತೆಯ ಕಲ್ಲುಕಟ್ಟೆಯ ಮೇಲೆ ಕೂತು, ದೂರ ಹೋಗುತ್ತಿದ್ದ ಹಡಗೊಂದನ್ನು ನೋಡುತ್ತ, ಮೊಮ್ಮಗಳಿಗೆ ಅದೇ ಇಗರ್ಜಿಯ ಕಥೆ ಹೇಳಿದರು. ಒಂಬತ್ತು ವರ್ಷದ ನನ್ನ ಮಗಳು ಕೈಯಲ್ಲಿದ್ದ ಐಸ್‌ಕ್ರೀಮಿನಿಂದ ತಲೆಯೆತ್ತದೆ, "ಅಜ್ಜ, ದಟ್ಸ್ ಇಂಪಾಸಿಬಲ್" ಅಂದಳು. ಅಲ್ಲಿ ತಿರುಗಿಸಲು ಅರೆಯುವ ಕಲ್ಲು ಇರಲಿಲ್ಲ, ಅಪ್ಪ ಚಪ್ಪಲಿಯ ಬಾರನ್ನು ತಿರುಗಿಸುತ್ತ ಕೂತರು.

ಅಪ್ಪನನ್ನು ಆ ಊರಿಗೆ ಕರೆದುಕೊಂಡು ಹೋಗಿಯೇ ಸಿದ್ಧ ಎಂದು ನಾನು ನಿರ್ಧರಿಸಿದ್ದು ಆಗ. ಅಪ್ಪನ ವೀಸಾ ಮುಗಿಯುವ ವಾರಕ್ಕೇ ನಮ್ಮ ವಾರ್ಷಿಕ ರಜೆ ಬರುತ್ತಿತ್ತು. ನೇರ ಊರಿಗೆ ಹೋಗುವ ಬದಲು ಹಾಂಗ್ ಕಾಂಗ್ ಮೇಲೆ ಹೋಗೋಣ, ಅಲ್ಲಿಂದ ಮಕಾವ್‌ಗೆ ಫೆರ್ರಿಯಲ್ಲಿ ಒಂದು ಗಂಟೆಯ ದಾರಿಯಂತೆ ಎಂದೆ. ಗಂಡ ಮೊದಲು ಒಪ್ಪಲಿಲ್ಲ. ಅಲ್ಲಿ ಕ್ಯಾಸಿನೋ ಇದೆಯೆಂದು ಯಾರೋ ಹೇಳಿದ ಮೇಲೆ ದುಬೈಗೆ ಬಸ್ಸಿನಲ್ಲಿ ಹೋಗಿ ನೈಫ್ ಪೇಟೆಯ ಟ್ರಾವೆಲ್ಸ್ ಅಂಗಡಿಯಿಂದ ತಾವೇ ಟಿಕೆಟ್ ತಂದರು. "ಆಡೋಕಲ್ಲ ಕಣೇ, ಸುಮ್ನೆ ನೋಡೋಕೆ" ಅಂದರು. ನಾನೇನೂ ಕೇಳಿರಲಿಲ್ಲ.

ಹಾಂಗ್ ಕಾಂಗ್‌ನ ಹೋಟೆಲಿಗೆ ಹೋದ ಕೂಡಲೇ ಗಂಡ ಮೂರು ಪಾಸ್‌ಪೋರ್ಟನ್ನೂ ಕವರಿಗೆ ಹಾಕಿ ರಿಸೆಪ್ಷನ್‌ನ ಲಾಕರಿಗೆ ಕೊಟ್ಟು, ತಮ್ಮ ಹೆಸರಿನಲ್ಲಿ ರಸೀದಿ ಪಡೆದರು. ಅಪ್ಪನದನ್ನೂ ಕೇಳಿದರು. ಅಪ್ಪ ಸೊಂಟ ಮುಟ್ಟಿಕೊಂಡು, "ನಂದು ನನ್ನತ್ರ ಇರ್ಲಿ ಅಳಿಯಂದಿರೇ" ಅಂದರು. ದಪ್ಪ ಬಟ್ಟೆಯಲ್ಲಿ ಅವರೇ ಹೊಲಿದುಕೊಂಡ ಚೀಲವೊಂದು ಅಂಗಿಯೊಳಗೆ ಯಾವಾಗಲೂ ಇರುತ್ತಿತ್ತು. ಇವರಿಗೆ ಸ್ವಲ್ಪ ಬೇಸರವಾಯಿತು. ಮೊದಲ ದಿನ ಮಳೆಯಲ್ಲಿ ಕಳೆಯಿತು, ಎರಡನೆಯ ದಿನ ಮಗಳಿಗೆಂದು ಆಟದ ಪಾರ್ಕು. ಉಳಿದದ್ದು ಮೂರನೆಯ ದಿನ ಮಾತ್ರ. ನಾಲ್ಕನೆಯ ದಿನ ಬೆಳಿಗ್ಗೆ ಮುಂಬೈಗೆ ವಿಮಾನ.

ಫೆರ್ರಿಯ ಬಂದರಿಗೆ ಸರಿಯಾದ ಹೊತ್ತಿಗೇ ಹೋದೆವು. ಟಿಕೆಟ್ ಕೊಂಡು ಸಾಲಿನಲ್ಲಿ ನಿಂತೆವು. ಅಧಿಕಾರಿ ಪಾಸ್‌ಪೋರ್ಟ್ ಕೇಳಿದಾಗ ಅಪ್ಪ ಚೀಲದಿಂದ ತಮ್ಮದನ್ನು ತೆಗೆದರು. ನನ್ನ ಗಂಡ ಬಹಳ ಗಂಭೀರವಾಗಿ ಪ್ಲಾಸ್ಟಿಕ್ ಹೊದಿಕೆಯ ಮೂರು ಫೋಟೊಕಾಪಿಗಳನ್ನು ಮುಂದಿಟ್ಟರು. ಅಧಿಕಾರಿ ಒಂದನ್ನು ಎತ್ತಿ ಹಿಂದೆ ಮುಂದೆ ನೋಡಿದ. ಒರಿಜಿನಲ್ ಎಲ್ಲಿ ಅಂದ. ಲಾಕರಿನಲ್ಲಿ ಭದ್ರವಾಗಿದೆ ಎಂದು ಇವರು ಅವನಿಗೆ ಧೈರ್ಯ ಹೇಳಿದರು.

ಗಡಿ ದಾಟಲು ಫೋಟೊಕಾಪಿ ಹಿಡಿದುಕೊಂಡು ಹೊರಡುವವರು ನಮ್ಮಂಥ ಗಲ್ಫ್‌ನವರು ಮಾತ್ರ. ಬೈಯಲು ಬಾಯಿ ತೆರೆದವಳು ಮುಚ್ಚಿದೆ. ಬೆಳಿಗ್ಗೆ ಬೀಗ, ಕೊಡೆ, ಚಕ್ಕುಲಿಯ ಡಬ್ಬಿ ಎಲ್ಲವನ್ನೂ ಎರಡೆರಡು ಸಲ ನೋಡಿಕೊಂಡ ನನಗೂ ಪಾಸ್‌ಪೋರ್ಟಿನ ನೆನಪು ಬಂದಿರಲಿಲ್ಲ.

ಸಾಲಿನಿಂದ ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಗಂಡ, "ಏನ್ ಮಾಡೋಕಾಗುತ್ತೆ ಹೇಳು. ಮಾವನ್ನ ಬೆಟ್ಟದ ಟ್ರಾಮ್‌ಗೆ ಕರ್ಕೊಂಡು ಹೋಗೋಣ. ಅದೂ ಚೆನ್ನಾಗಿದೆಯಂತೆ" ಅಂದರು.

"ಅಪ್ಪ, ನಿಮ್ಮದು ಉಂಟಲ್ಲ. ನೀವಾದ್ರೂ ಹೋಗಿ ಬನ್ನಿ" ಅಂದೆ ನಾನು.

ಅಪ್ಪ ತಲೆಯಾಡಿಸಿದರು. "ಒಬ್ಬನೇ ಹೋಗಿ ನೋಡಿದ್ರೆ ಮತ್ತೆ ಯಾರು ನಂಬುದು? ಬಿಡು ಮಗಾ. ಅಂದು ಸಹ ಹೀಗೇ ಅಲ್ವಾ, ಪುಸ್ತಕ ಕಪಾಟಿನಲ್ಲಿ."

ಅವರು ಅದನ್ನು ನಗುತ್ತಲೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಗಂಡನ ಜೇಬಿಗೆ ಕೈ ಹಾಕಿ ರಸೀದಿ ಎಳೆದುಕೊಂಡೆ. "ಯಾರೂ ಇಲ್ಲಿಂದ ಏಳುದು ಬೇಡ. ನಾನು ಬರುವ ತನಕ ಈ ಬೆಂಚು ಬಿಟ್ರೆ ನೋಡಿ" ಎಂದು ಹೇಳಿ ರೈಲಿಗೆ ಓಡಿದೆ. ಸೀರೆ ಉಟ್ಟು ಎಸ್ಕಲೇಟರಿನಲ್ಲಿ ಓಡಿದ್ದು ಅದೇ ಮೊದಲು, ಅದೇ ಕೊನೆ.

ಹೋಟೆಲಿನ ರಿಸೆಪ್ಷನ್‌ನಲ್ಲಿದ್ದ ಹುಡುಗಿ ರಸೀದಿ ನೋಡಿ, ಇಟ್ಟವರೇ ಬಂದು ಸಹಿ ಹಾಕಬೇಕು ಮೇಡಂ ಎಂದಳು. ಅದರೊಳಗೆ ನನ್ನ ಪಾಸ್‌ಪೋರ್ಟ್ ಇದೆ ಎಂದೆ. ಇರಬಹುದು, ಇಟ್ಟವರು ನೀವಲ್ಲವಲ್ಲ ಎಂದಳು. ಅವಳು ಮರ್ಯಾದೆಯಾಗಿಯೇ ಹೇಳಿದಳು, ಹೇಳಿದ್ದು ನಿಜವೂ ಆಗಿತ್ತು. ನನ್ನ ಮುಖ, ನನ್ನ ಹುಟ್ಟಿದೂರು, ನನ್ನ ಅಪ್ಪ ಅಮ್ಮನ ಹೆಸರು ಇರುವ ಪುಸ್ತಕವನ್ನು ಹತ್ತು ವರ್ಷಗಳಲ್ಲಿ ನಾನೇ ಎಲ್ಲೂ ಇಟ್ಟಿರಲಿಲ್ಲ, ನಾನೇ ಎಲ್ಲಿಂದಲೂ ತೆಗೆದಿರಲಿಲ್ಲ. ಅದು ನನಗೆ ಆ ಕೌಂಟರಿನ ಮುಂದೆ ಮೊದಲ ಸಲ ಅರ್ಥವಾಯಿತು.

ನನ್ನ ಬ್ಯಾಗನ್ನು ಕೌಂಟರಿನ ಮೇಲೆ ಇಟ್ಟು ನಿಂತುಬಿಟ್ಟೆ. ಕವರ್ ತೆರೆಯಿರಿ, ಒಳಗಿನ ಫೋಟೊ ನೋಡಿ, ಆಮೇಲೆ ನನ್ನನ್ನು ನೋಡಿ, ಅಲ್ಲಿಯವರೆಗೆ ನಾನು ಕದಲುವುದಿಲ್ಲ ಎಂದೆ. ಹಿಂದೆ ಸಾಲು ಬೆಳೆಯಿತು. ಯಾರೋ ಗಂಟಲು ಸರಿಮಾಡಿಕೊಂಡರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕೊನೆಗೆ ಮ್ಯಾನೇಜರ್ ಬಂದು ಕವರ್ ತೆರೆದ. ಫೋಟೊ ನೋಡಿದ, ನನ್ನನ್ನು ನೋಡಿದ, ಒಂದು ಹಾಳೆ ಕೊಟ್ಟು ಸಹಿ ಮಾಡಿಸಿದ. ಆ ಸಹಿಯನ್ನು ಪಾಸ್‌ಪೋರ್ಟಿನಲ್ಲಿದ್ದ ಸಹಿಯ ಪಕ್ಕದಲ್ಲಿಟ್ಟು ಒಂದೊಂದು ಸುತ್ತನ್ನೂ ಹೋಲಿಸಿದ. ಕೆಲಸ ಬಿಟ್ಟ ಮೇಲೆ ನನ್ನ ಸಹಿಗೆ ಅಷ್ಟು ಮರ್ಯಾದೆ ಕೊಟ್ಟವನು ಅವನೊಬ್ಬನೇ. ನನ್ನದನ್ನು ಕೊಟ್ಟ. ಮಗಳದರಲ್ಲಿ ತಾಯಿಯೆಂದು ನನ್ನ ಹೆಸರಿದ್ದುದರಿಂದ ಅದನ್ನೂ ಕೊಟ್ಟ. ಗಂಡನದನ್ನು ಮಾತ್ರ ವಾಪಸು ಒಳಗಿಟ್ಟು ಹೊಸ ರಸೀದಿ ಬರೆದ. ಅದು ನ್ಯಾಯವೇ.

ಬಂದರಿಗೆ ಮರಳಿದಾಗ ಮೂವರೂ ಬೆಂಚು ಬಿಟ್ಟಿರಲಿಲ್ಲ. ಚಕ್ಕುಲಿ ಡಬ್ಬಿ ಖಾಲಿಯಾಗಿತ್ತು.

"ಎರಡೇನಾ? ನಂದು?" ಅಂದರು ಗಂಡ.

"ನಿಮ್ಮದು ನೀವೇ ಬಿಡಿಸಿಕೊಳ್ಬೇಕಂತೆ" ಅಂದೆ.

ಒಳ್ಳೆಯ ಮನುಷ್ಯ, ಜಗಳಕ್ಕೆ ನಿಲ್ಲಲಿಲ್ಲ. "ಸರಿ, ನೀವು ಹೊರಡಿ. ನಾನು ಹಿಂದೇನೇ ಬರ್ತೀನಿ, ಆ ಮೆಟ್ಟಿಲ ಹತ್ರ ಇರಿ" ಎಂದು ರೈಲಿನ ಕಡೆ ನಡೆದರು. ನಮ್ಮ ಫೆರ್ರಿ ಹೋಗಿಯಾಗಿತ್ತು. ಮುಂದಿನದರಲ್ಲಿ ಸೀಟು ಉಳಿದರೆ ಅದೇ ಟಿಕೆಟ್ ನಡೆಯುತ್ತದೆಂದರು. ಮೂರು ಸೀಟು ಉಳಿದವು.

ಮಕಾವ್‌ನಲ್ಲಿ ಅಪ್ಪನ ಪುಸ್ತಕಕ್ಕೆ ಮುದ್ರೆ ಬಿತ್ತು. ಅವರು ಅದನ್ನು ಊದಿ ಆರಿಸಿ ಚೀಲಕ್ಕೆ ಹಾಕಿದರು. ಬಾಗಿಲು ದಾಟಿ ಹೊರಗೆ ನಿಂತು ಮೂಗು ಅರಳಿಸಿ, "ಯಾರೋ ಬೆಳ್ಳುಳ್ಳಿ ಕರಟಿಸಿದ್ದಾರೆ" ಅಂದರು. ನಲವತ್ತು ವರ್ಷ ಕಾದ ಊರಿನ ಬಗ್ಗೆ ಅವರ ಮೊದಲ ಮಾತು ಅದು. ಟ್ಯಾಕ್ಸಿ ಕ್ಯಾಸಿನೋಗಳ ಮುಂದೆಯೇ ಹೋಯಿತು. ಹಾಡುಹಗಲಲ್ಲೂ ದೀಪಗಳು ಉರಿಯುತ್ತಿದ್ದವು. ಅಪ್ಪ ಆ ಕಡೆ ನೋಡಲೇ ಇಲ್ಲ, ಟ್ಯಾಕ್ಸಿಯ ಮುಂದಿನ ಗಾಜಿನಲ್ಲಿಯೇ ಕಣ್ಣು ನೆಟ್ಟಿದ್ದರು.

ಇಗರ್ಜಿ ಕಾಣಿಸಿತು. ಮೆಟ್ಟಿಲುಗಳ ಮೇಲೆ, ಎತ್ತರಕ್ಕೆ, ಕಂಬಗಳು, ಮೂರ್ತಿಗಳು, ಕಿಟಕಿಗಳು. ಕಿಟಕಿಗಳಲ್ಲಿ ಆಕಾಶ. ಅಪ್ಪ ಮಂಡಿ ಹಿಡಿದುಕೊಂಡು, ಮೂರು ಕಡೆ ಕೂತು, ಮೆಟ್ಟಿಲು ಹತ್ತಿದರು. ನಾನು ಕೈ ಕೊಟ್ಟರೆ ಬೇಡವೆಂದರು. ಬಾಗಿಲು ದಾಟಿದೆವು. ಆಚೆ ಏನೂ ಇರಲಿಲ್ಲ. ಮೋಡ ಇತ್ತು, ಫೋಟೊ ತೆಗೆಯುವ ಜನ ಇದ್ದರು.

ಮಗಳು ಬಾಯಿ ಬಿಟ್ಟು ನಿಂತಳು. "ಅಜ್ಜ, ಯೂ ವರ್ ರೈಟ್!"

ಅಪ್ಪ ಗೋಡೆಯ ಹಿಂಬದಿಗೆ ಹೋಗಿ ಅಂಗೈಯಿಂದ ಕಲ್ಲನ್ನು ಒತ್ತಿ ನೋಡಿದರು. ಅಲ್ಲಿ ಆಧಾರಕ್ಕೆಂದು ಕಟ್ಟಿದ್ದ ಕಬ್ಬಿಣದ ತೊಲೆಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ಪಕ್ಕದಲ್ಲಿ ಯಾರೋ ನಿಂತಿರುವಂತೆ ತಗ್ಗಿದ ದನಿಯಲ್ಲಿ ಹೇಳಿದರು, "ಮಳೆಗೆ ಬೀಳುದಿಲ್ಲ ಮಾರಾಯ್ತಿ. ಹಿಂದಿನಿಂದ ಕಬ್ಬಿಣ ಕೊಟ್ಟಿದ್ದಾರೆ."

ಅದು ನನಗೆ ಹೇಳಿದ ಮಾತಲ್ಲ. ನಾನು ಅಳು ತಡೆಯಲು ಹೋಗಲಿಲ್ಲ, ಅತ್ತುಬಿಟ್ಟೆ.

ನಾವು ಇಳಿದು ಬರುವ ಹೊತ್ತಿಗೆ ಗಂಡ ಮೆಟ್ಟಿಲ ಬುಡದಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಪಾಸ್‌ಪೋರ್ಟ್ ಕೈಯಲ್ಲೇ ಇತ್ತು, ಜೇಬಿಗೆ ಹಾಕಲು ಹೆದರಿದಂತೆ. ಅವರೂ ಹತ್ತಿ ನೋಡಿ ಬಂದರು. ಆಮೇಲೆ ಉಳಿದದ್ದು ವಾಪಸು ಫೆರ್ರಿ ಹಿಡಿಯುವಷ್ಟು ಸಮಯ. ಕ್ಯಾಸಿನೋದ ಮುಂದೆ ಟ್ಯಾಕ್ಸಿ ಹೋಗುವಾಗ ಕುತ್ತಿಗೆ ತಿರುಗಿಸಿ ನೋಡುತ್ತ, "ಖಲಾಸ್" ಎಂದು ನಿಟ್ಟುಸಿರು ಬಿಟ್ಟರು. ಪಾಪ ಅನ್ನಿಸಿತು, ಆದರೆ ಟ್ಯಾಕ್ಸಿ ನಿಲ್ಲಿಸುವಷ್ಟಲ್ಲ.

ಆ ರಜೆಯಲ್ಲಿ ಮಲ್ಪೆಯಲ್ಲಿ ಇದ್ದಷ್ಟು ದಿನ ಅಪ್ಪ ಬಂದವರಿಗೆಲ್ಲ ಇಗರ್ಜಿಯ ಕಥೆ ಹೇಳಿದರು. ಪ್ರತಿ ಸಲವೂ ಕೊನೆಗೆ ನನ್ನ ಕಡೆ ಬೆರಳು ತೋರಿಸಿ, "ಇವಳನ್ನೇ ಕೇಳಿ" ಎನ್ನುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ. ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಕೂತು ದಪ್ಪ ಸೂಜಿಯಿಂದ ಏನನ್ನೋ ಹೊಲಿಯುತ್ತಿದ್ದರು. ಹೊರಡುವ ದಿನ ನನ್ನ ಕೈಗೆ ಕೊಟ್ಟರು. ಅವರ ಸೊಂಟದಲ್ಲಿದ್ದಂಥದೇ ಚೀಲ, ಒಳಗೆ ಎರಡು ಖಾನೆ.

ಅಬುಧಾಬಿಗೆ ಮರಳಿದ ಮೂರನೆಯ ಬೆಳಿಗ್ಗೆ ಗಂಡ ಆಫೀಸಿಗೆ ಹೊರಟವರು ಹಳೆಯ ಕವರ್ ಹಿಡಿದುಕೊಂಡು ಬಂದು ಪಾಸ್‌ಪೋರ್ಟುಗಳನ್ನು ಕೇಳಿದರು. ನಾನು ಅವರದನ್ನು ತಂದುಕೊಟ್ಟೆ. ಅವರು ಕೈ ಚಾಚಿಕೊಂಡೇ ನಿಂತಿದ್ದರು.

"ಇನ್ನೆರಡು?"

"ಅದು ಇಲ್ಲೇ ಇರ್ತದೆ."

"ಆಫೀಸಲ್ಲಿ ಕೇಳಿದ್ರೆ ಏನಂತ ಹೇಳ್ಲಿ?"

"ಇಟ್ಟವಳು ನಾನು ಅಂತ ಹೇಳಿ" ಎಂದೆ. ಅವರು ಕವರನ್ನು ಅರ್ಧಕ್ಕೆ ಮಡಚಿ ಜೇಬಿಗೆ ಹಾಕಿಕೊಂಡರು.