ಏಕನಾಥಮ್ಮನಿಗೆ ತಿಳಿಯದೇ ಹೋದ ಮಾತು

ಮದಕರಿಪುರದ ಏಕನಾಥಮ್ಮ ಹೊಸದುರ್ಗದ ಆಸ್ಪತ್ರೆಯಲ್ಲಿ ನರ್ಸಮ್ಮ. ಸುತ್ತಲ ಹಳ್ಳಿಗಳ ಬಸುರಿಯರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದದ್ದು ಕೈಗುಣಕ್ಕಿಂತ ಹೆಚ್ಚಾಗಿ ಅವಳ ಮಾತಿಗೆ. ನೋವು ತಿನ್ನುವ ಹೆಂಗಸಿನ ಪಕ್ಕ ಕುಂತು ಅವಳ ಅತ್ತೆಯ ಸುದ್ದಿ, ಹಟ್ಟಿಯ ಸುದ್ದಿ, ಯಾರ ಮದುವೆ ಯಾಕೆ ಮುರಿಯಿತು ಎಂಬ ಸುದ್ದಿ ತೆಗೆದಳೆಂದರೆ ಆಕೆ ಅರ್ಧ ನೋವು ಮರೆಯುತ್ತಿದ್ದಳು. ಡಾಕ್ಟರಿಗೆ ಹೇಳಲಾರದ್ದನ್ನು ಇವಳ ಕಿವಿಯಲ್ಲಿ ಹೇಳುತ್ತಿದ್ದಳು. ಏಕನಾಥಮ್ಮ ಮಾತಾಡಿಸಿದರೆ ಹೊಟ್ಟೆಯೊಳಗಿನ ಮಗುವೂ ಕೇಳೋಕೆ ಹೊರಗೆ ಬರುತ್ತದೆ ಎಂದು ಆಯಾ ವೀರಮ್ಮ ತಮಾಷೆ ಮಾಡುತ್ತಿದ್ದಳು.

ಎಪ್ಪತ್ತೆರಡರಲ್ಲಿ, ಬಾಂಗ್ಲಾದೇಶದ ಯುದ್ಧ ಮುಗಿದ ಮೇಲೆ, ಬೆಂಗಳೂರಿನ ಸೇವಾ ಸಂಘವೊಂದು ಅಲ್ಲಿಗೆ ಡಾಕ್ಟರು, ನರ್ಸುಗಳ ತಂಡ ಕಳಿಸುತ್ತದೆ ಎಂದು ಗೊತ್ತಾಯಿತು. ಕಾಯಿಲೆ ನೋಡುವುದು, ಹಳ್ಳಿಯ ಸೂಲಗಿತ್ತಿಯರಿಗೆ ಪಾಠ ಹೇಳುವುದು ಕೆಲಸ. ಸಂಬಳವಿಲ್ಲ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಏಕನಾಥಮ್ಮ ರಜೆ ಹಾಕಿ ಹೆಸರು ಕೊಟ್ಟಳು. ಅಣ್ಣ ಮುರುಗಪ್ಪ ಬಂದು, ಆ ದೇಶದ ಮಾತು ನಿನಗೆ ಬರುತ್ತದೇನು ಎಂದು ಕೇಳಿದ. ಹೆರಿಗೆ ನೋವಿಗೆ ಯಾವ ಭಾಷೆ ಎಂದು ಅವನ ಬಾಯಿ ಮುಚ್ಚಿಸಿದಳು.

ಅವರಿಗೆ ಸಿಕ್ಕಿದ್ದು ಹೊಳೆ ದಡದ ಒಂದು ಹಳ್ಳಿ. ಸೇತುವೆ ಯುದ್ಧದಲ್ಲಿ ಮುರಿದು ನೀರಿಗೆ ಬಿದ್ದಿತ್ತು. ಸುಟ್ಟ ಶಾಲೆಗೆ ತಗಡು ಹೊದಿಸಿ ಆಸ್ಪತ್ರೆ ಮಾಡಿದ್ದರು. ಬೆಳಿಗ್ಗೆ ರೋಗಿಗಳು, ಮಧ್ಯಾಹ್ನ ಪಾಠ. ಬ್ಲೇಡು, ದಾರ ಕುದಿಸಿಯೇ ಬಳಸಬೇಕೆಂದು ಏಕನಾಥಮ್ಮ ಮುರುಕು ಹಿಂದಿಯಲ್ಲಿ ಹೇಳುವಳು. ತಂಡದಲ್ಲಿದ್ದ ಕಲ್ಕತ್ತೆಯ ಟೀಚರಮ್ಮ ಅದನ್ನು ಬಂಗಾಳಿಯಲ್ಲಿ ಹೇಳುವರು. ನಡುವೆ ಸೂಲಗಿತ್ತಿಯರು ಗೊಳ್ಳೆಂದು ನಕ್ಕರೆ ಯಾಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ತಾನೂ ನಗುತ್ತಿದ್ದಳು.

ಒಂದು ದಿನ ಡಾಕ್ಟರೂ ಟೀಚರಮ್ಮನೂ ಔಷಧಿ ತರಲು ದೋಣಿ ಹತ್ತಿ ಆಚೆ ದಡಕ್ಕೆ ಹೋಗಿದ್ದರು. ಆಗ ಒಬ್ಬ ಮುದುಕಿ ಮಗಳನ್ನು ಮಂಚದ ಮೇಲೆ ಹೊರಿಸಿಕೊಂಡು ಬಂದಳು. ಚೊಚ್ಚಲ ಬಸುರಿ. ಮಗು ಅಡ್ಡ ತಿರುಗಿ, ಕೈಯೊಂದು ಮೊದಲು ಹೊರಬಂದು ನೀಲಿಗಟ್ಟಿತ್ತು. ಹೊಟ್ಟೆ ಕೊಯ್ಯದೆ ದಾರಿಯಿಲ್ಲವೆಂದು ಏಕನಾಥಮ್ಮನಿಗೆ ನೋಡಿದ ಕೂಡಲೇ ಗೊತ್ತಾಯಿತು. ಅದನ್ನು ಹೇಳುವುದಕ್ಕೂ ಅವಳ ಹತ್ತಿರ ಮಾತಿರಲಿಲ್ಲ. ಹೊಳೆಯ ಕಡೆ ಕೈ ತೋರಿಸಿದಳು, ದೋಣಿಗೆ ಹುಟ್ಟು ಹಾಕುವಂತೆ ಸನ್ನೆ ಮಾಡಿದಳು. ಹೊತ್ತು ತಂದವರು ದಡಕ್ಕೆ ಓಡಿ, ದೋಣಿ ಕಾಣದೆ ತಿರುಗಿ ಬಂದರು.

ಹುಡುಗಿ ಅವಳ ಸೆರಗು ಹಿಡಿದು ಏನೇನೋ ಹೇಳುತ್ತಿದ್ದಳು. ಏಕನಾಥಮ್ಮ ತನಗೆ ಬರುವ ಮಾತೇ ಆಡಿದಳು.

"ಹೆದರಬ್ಯಾಡ ಕಣವ್ವ, ನಾನಿದೀನಿ. ಡಾಕ್ಟ್ರು ಬರ್ತಾರೆ, ಈಗ ಬರ್ತಾರೆ."

ಹುಡುಗಿ ಅವಳ ಬಾಯನ್ನೇ ನೋಡುತ್ತಿದ್ದಳು, ಏನೂ ತಿಳಿಯದೆ. ಬಿಸಿಲು ಇಳಿಯುವ ಮೊದಲೇ ತಾಯಿ ಮಗು ಇಬ್ಬರೂ ಹೋದರು. ದೋಣಿ ಇನ್ನೂ ಬಂದಿರಲಿಲ್ಲ.

ಮುದುಕಿ ಅಳಲಿಲ್ಲ. ಏಕನಾಥಮ್ಮನ ಕೈ ಹಿಡಿದು ಏನೋ ಕೇಳಿದಳು. 'ಕಾಯ್ಸೋ' ಎಂದಂತಿತ್ತು. ಮತ್ತೆ ಅದನ್ನೇ ಕೇಳಿದಳು. ಅದು ಕನ್ನಡವಲ್ಲವೆಂಬುದೂ ಆ ಗಾಬರಿಯಲ್ಲಿ ಹೊಳೆಯದೆ, ಏಕನಾಥಮ್ಮ ಎದ್ದು ಒಲೆ ಹೊತ್ತಿಸಿ ನೀರು ಕಾಯಿಸಿ ತಂದಳು. ಮುದುಕಿ ನೀರನ್ನು ನೋಡಿದಳು, ಇವಳ ಮುಖ ನೋಡಿದಳು, ಎದ್ದಳು. ಹೊತ್ತು ತಂದವರು ಮಂಚ ಎತ್ತಿಕೊಂಡು ಅವಳ ಜೊತೆ ಹೊರಟುಹೋದರು. ಟೀಚರಮ್ಮ ಬಂದ ಮೇಲೆ ಇಬ್ಬರೂ ಹುಡುಕಿದರು. ಅವರು ಯಾವ ಊರಿನವರೆಂದು ಯಾರಿಗೂ ಗೊತ್ತಿರಲಿಲ್ಲ. ನೀರು ಕಾಯಿಸಿದ ನಾಚಿಕೆಗೆ, ಮುದುಕಿ ಕೇಳಿದ ಆ ಮಾತನ್ನು ಮಾತ್ರ ಏಕನಾಥಮ್ಮ ಟೀಚರಮ್ಮನಿಗೆ ಹೇಳಲಿಲ್ಲ.

ಹೊಸದುರ್ಗಕ್ಕೆ ಮರಳಿದಾಗ ಹಾರ ಹಾಕಿ ಸನ್ಮಾನ ಮಾಡಿದರು. ಅಲ್ಲಿಯದನ್ನು ನಾಲ್ಕು ಮಾತಿನಲ್ಲಿ ಹೇಳಿರೆಂದರೆ ಏಕನಾಥಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಹೆರಿಗೆ ವಾರ್ಡಿನಲ್ಲೂ ಮಾತು ಕಮ್ಮಿಯಾಯಿತು. ಹೇಳಬೇಕಾದಷ್ಟು ಹೇಳಿ ಕೆಲಸ ಮುಗಿಸುವಳು. ಯಾಕೆ ಹೀಗಾದೆಯೆಂದು ವೀರಮ್ಮ ಕೇಳಿದರೆ, "ಮಾತಿಂದ ಏನಾಗ್ತೈತೆ ವೀರಮ್ಮ" ಎಂದಷ್ಟೇ ಅಂದಳು.

ನಾಲ್ಕೈದು ವರ್ಷದ ಮೇಲೆ ಚಿತ್ರದುರ್ಗಕ್ಕೆ ವರ್ಗವಾಯಿತು. ಇಂಗಳದಾಳಿನ ತಾಮ್ರದ ಗಣಿಯ ಇಂಜಿನಿಯರೊಬ್ಬರ ಹೆಂಡತಿ ಬಾಣಂತಿಯಾಗಿ ವಾರ್ಡಿನಲ್ಲಿದ್ದರು. ಬಂಗಾಳದವರು, ಕನ್ನಡ ಕಲಿತಿದ್ದರು. ಎರಡು ದಿನ ಅವರ ಮಂಚದ ಸುತ್ತ ಸುಳಿದಾಡಿ, ಮೂರನೆಯ ದಿನ ಏಕನಾಥಮ್ಮ ಕೇಳಿಯೇಬಿಟ್ಟಳು.

"ಅಮ್ಮಾವ್ರೆ, ಕಾಯ್ಸೋ ಅಂದ್ರೆ ನಿಮ್ ಮಾತ್ನಾಗೆ ಏನ್ರಿ?"

ಅವರಿಗೆ ತಿಳಿಯಲಿಲ್ಲ. ನಡೆದದ್ದನ್ನೆಲ್ಲ ಹೇಳಿಸಿಕೊಂಡು, ಮಗುವನ್ನು ತಟ್ಟುತ್ತ ಯೋಚಿಸಿದರು. ಆ ಕಡೆಯ ಹಳ್ಳಿ ಮಾತೇ ಬೇರೆ ಎಂದರು. ಊಟ ಮಾಡಿದೆಯಾ ಎಂದು ಕೇಳಿರಬಹುದು. ಇಲ್ಲವೇ, ಯಾಕೆ ಬಂದೆ ಎಂದೂ ಇರಬಹುದು. ಬೇಗ ಬೇಗ ಹೇಳಿದರೆ ಎರಡೂ ಹೆಚ್ಚುಕಮ್ಮಿ ಹಾಗೆಯೇ ಕೇಳಿಸುತ್ತವಂತೆ.

"ಎರಡ್ರಾಗೆ ಯಾವುದ್ರಿ?"

"ನನಗೆ ಹೇಗೆ ಗೊತ್ತಾಗುತ್ತೆ ಸಿಸ್ಟರ್? ಅವರು ಅಂದ ಹಾಗೇ ಅಂದು ತೋರಿಸಿ."

ಏಕನಾಥಮ್ಮ ಒಂದು ಸಲ ಹೇಳಿದಳು. ಅದಲ್ಲವೆನಿಸಿ, ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಹೇಳಿದಳು. ಮುದುಕಿಯ ದನಿ ಬರಲಿಲ್ಲ. ಬಾಯಿಂದ ಬಂದದ್ದು ತನ್ನದೇ ಕನ್ನಡ.